1969ರ ಕ್ಯಾಮರೊ ಝಡ್/28: ಅಸಲಿಯೋ ನಕಲಿಯೋ ಪತ್ತೆ ಹಚ್ಚೋದು ಹೇಗೆ

ನಮ್ಮ ತಾತ ಘಾಟಿ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಕೊಂಬಿಗೆ ಹಚ್ಚಿದ ಎಣ್ಣೆ, ಕೊರಳ ಗಂಟೆ, ಮೈಮೇಲಿನ ಜೂಲು ಯಾವುದನ್ನೂ ನೋಡುತ್ತಿರಲಿಲ್ಲ. ಸೀದಾ ಹೋಗಿ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದರು. ಮಾರುವವನು ಪಕ್ಕದಲ್ಲಿ ನಿಂತು ಏನು ಬೇಕಾದರೂ ಹೇಳಿಕೊಳ್ಳಲಿ, ಅವರು ಹಲ್ಲು ಎಣಿಸಿ ಮುಗಿಯುವ ತನಕ ಬಾಯಿ ಬಿಡುತ್ತಿರಲಿಲ್ಲ. ನಾನೀಗ ಇರೋದು ಅಮೆರಿಕದ ಒಹಾಯೋದಲ್ಲಿ, ಸಿನ್ಸಿನಾಟಿ ಹತ್ತಿರ. ಹಳೇ ಕಾರುಗಳ ಹುಚ್ಚು ಹಿಡಿದು ಹತ್ತು ವರ್ಷ ಆಯಿತು. ಯಾರದೋ ಗ್ಯಾರೇಜಿಗೆ ಕಾರು ನೋಡೋಕೆ ಹೋದಾಗೆಲ್ಲ ತಾತ ನೆನಪಾಗುತ್ತಾರೆ, ಅದರಲ್ಲೂ 1969ರ ಷೆವರ್ಲೆ ಕ್ಯಾಮರೊ ಝಡ್/28 ಅಂತ ಹೇಳಿ ಕರೆದಿದ್ದರೆ.

ಯಾಕೆ ಅಂದರೆ ಈ ಕಾರಿನ ನಕಲಿ ಮಾಡೋದು ತುಂಬಾ ಸುಲಭ. ಸಾಮಾನ್ಯ ಕ್ಯಾಮರೊ ಒಂದನ್ನು ತಂದು, ಬಾನೆಟ್ ಮೇಲೆ ಎರಡು ಅಗಲ ಪಟ್ಟೆ ಎಳೆದು, ಹಿಂದೆ ಸ್ಪಾಯ್ಲರ್ ಕೂರಿಸಿ, ಅಂಗಡಿಯಲ್ಲಿ ಸಿಗುವ ಬ್ಯಾಡ್ಜ್ ಅಂಟಿಸಿದರೆ ಹತ್ತು ಅಡಿ ದೂರದಿಂದ ದೇವರಿಗೂ ಗೊತ್ತಾಗಲ್ಲ. ಬೆಲೆ ಮಾತ್ರ ಎಷ್ಟೋ ಪಟ್ಟು ಏರಿ ಕೂತಿರುತ್ತೆ.

ಮೊದಲು ಈ ಕಾರು ಯಾಕೆ ಹುಟ್ಟಿತು ಅಂತ ಸ್ವಲ್ಪ ಹೇಳಿಬಿಡುತ್ತೇನೆ, ಇದು ಗೊತ್ತಿಲ್ಲದಿದ್ದರೆ ಏನು ಹುಡುಕಬೇಕು ಅನ್ನೋದೇ ತಿಳಿಯಲ್ಲ. 1966ರಲ್ಲಿ ಅಮೆರಿಕದಲ್ಲಿ ಟ್ರಾನ್ಸ್-ಆ್ಯಮ್ ಅನ್ನೋ ರೇಸ್ ಸರಣಿ ಶುರುವಾಯಿತು. ಅಲ್ಲಿ ಎಂಜಿನ್ 5 ಲೀಟರ್ ಮೀರುವ ಹಾಗಿರಲಿಲ್ಲ, ಅಂದರೆ ಇಲ್ಲಿಯವರ ಲೆಕ್ಕದಲ್ಲಿ 305 ಕ್ಯೂಬಿಕ್ ಇಂಚು. ಷೆವರ್ಲೆ ಹತ್ತಿರ ಆಗ 283 ಇತ್ತು, 327 ಇತ್ತು, ಒಂದು ಚಿಕ್ಕದು, ಇನ್ನೊಂದು ದೊಡ್ಡದು. ಕಂಪನಿಯೊಳಗೆ ವಿನ್ಸ್ ಪಿಗಿನ್ಸ್ ಅಂತ ಒಬ್ಬ ರೇಸ್ ಹುಚ್ಚಿನ ಎಂಜಿನಿಯರ್ ಇದ್ದ, ಈ ಯೋಜನೆ ಹಿಂದೆ ಬಿದ್ದವನು ಅವನೇ. 327ರ 4 ಇಂಚಿನ ಬೋರ್ (ಸಿಲಿಂಡರ್ ಅಗಲ) ತಗೊಂಡು, ಅದರೊಳಗೆ 283ರ 3 ಇಂಚಿನ ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) ಕೊಡುವ ಕ್ರ್ಯಾಂಕ್ ಕೂರಿಸಿದರು, 302 ಬಂತು. ಸರಿಯಾಗಿ ಗೆರೆಯ ಒಳಗೆ. ಬೋರ್ ಅಗಲ, ಸ್ಟ್ರೋಕ್ ಗಿಡ್ಡ, ಹಾಗಾಗಿ ಎಂಜಿನ್ ಕಿರುಚಿಕೊಂಡು ಓಡುತ್ತೆ. ಕಂಪನಿ ಕಾಗದದ ಮೇಲೆ ಬರೆದಿದ್ದು 5800 ಆರ್‌ಪಿಎಂನಲ್ಲಿ 290 ಅಶ್ವಶಕ್ತಿ. ನಿಜವಾಗಲೂ ಅದಕ್ಕಿಂತ ಜಾಸ್ತಿ ಅಂತ ಓಡಿಸಿದವರೆಲ್ಲ ಹೇಳುತ್ತಾರೆ, ನಾನೂ ಒಪ್ಪುತ್ತೇನೆ.

ಆ ಹೆಸರಿಗೆ ದೊಡ್ಡ ಅರ್ಥ ಏನೂ ಇಲ್ಲ. ಆರ್ಡರ್ ಫಾರಂನಲ್ಲಿ ಝಡ್27 ಅಂದರೆ ಸೂಪರ್ ಸ್ಪೋರ್ಟ್ ಪ್ಯಾಕೇಜ್, ಅದರ ಮುಂದಿನ ಕೋಡ್ ಝಡ್28, ಅಷ್ಟೇ. 1967ರಲ್ಲಿ ಬರೀ 602 ಕಾರು ಮಾಡಿದರು, ಅವುಗಳ ಮೇಲೆ ಝಡ್/28 ಅಂತ ಬ್ಯಾಡ್ಜ್ ಕೂಡ ಇರಲಿಲ್ಲ. 1968ರಲ್ಲಿ 7,199 ಆಯಿತು. ಅದೇ ವರ್ಷ ರಾಜರ್ ಪೆನ್ಸ್ಕಿಯ ತಂಡದ ನೀಲಿ ಕ್ಯಾಮರೊದಲ್ಲಿ ಮಾರ್ಕ್ ಡಾನಹ್ಯೂ 13 ರೇಸ್‌ಗಳಲ್ಲಿ 10 ಗೆದ್ದ. 1969ರಲ್ಲೂ ಚಾಂಪಿಯನ್ ಪಟ್ಟ ಷೆವರ್ಲೆಗೇ ಬಂತು. ಆ ವರ್ಷ ಝಡ್/28ಗಳ ಸಂಖ್ಯೆ 20,302. ಜಾಸ್ತಿ ಸಿಗುವುದೂ ಇವೇ, ಜಾಸ್ತಿ ನಕಲಿ ಆಗಿರುವುದೂ ಇವೇ.

ಈಗ ಕೆಲಸಕ್ಕೆ ಬರೋಣ.

ಹೋಗುವಾಗ ಒಂದು ಒಳ್ಳೆ ಟಾರ್ಚ್, ಹಿಡಿಕೆ ಇರುವ ಚಿಕ್ಕ ಕನ್ನಡಿ, ಹಳೇ ಟೂತ್‌ಬ್ರಷ್, ಬಟ್ಟೆ ಚೂರು, ಸ್ವಲ್ಪ ಸೀಮೆಎಣ್ಣೆ ಥರದ ಕ್ಲೀನರ್, ಬಿಳಿ ಸೀಮೆಸುಣ್ಣ, ಒಂದು ಅಯಸ್ಕಾಂತ ಇಟ್ಟುಕೊಳ್ಳಿ. ಮರಳು ಕಾಗದ, ತಂತಿ ಬ್ರಷ್ ಎರಡನ್ನೂ ಮನೆಯಲ್ಲೇ ಬಿಟ್ಟು ಬನ್ನಿ. ಯಾಕೆ ಅನ್ನೋದು ಆಮೇಲೆ ಗೊತ್ತಾಗುತ್ತೆ. ಕಾರಿನ ಕೆಳಗೆ ಹೋಗೋದಾದರೆ ಬರೀ ಜಾಕ್ ನಂಬಬೇಡಿ, ಸ್ಟ್ಯಾಂಡ್ ಇಡಿಸಿ. ಅದಕ್ಕೆ ಒಪ್ಪದ ಮಾಲೀಕ ಬೇರೆ ಯಾವುದಕ್ಕೂ ಒಪ್ಪಲ್ಲ.

ಚಾಸಿ ನಂಬರ್ ಎಷ್ಟು ಹೇಳುತ್ತೆ, ಎಷ್ಟು ಹೇಳಲ್ಲ

ಮುಂದಿನ ಗಾಜಿನ ಕೆಳಗೆ, ಡ್ರೈವರ್ ಕಡೆ, ಡ್ಯಾಶ್ ಮೇಲೆ ಒಂದು ಪುಟ್ಟ ತಗಡಿರುತ್ತೆ. ಇಲ್ಲಿ ಡ್ರೈವರ್ ಕಡೆ ಅಂದರೆ ಎಡಗಡೆ, ಮರೆಯಬೇಡಿ. ಅದರ ಮೇಲಿನ ನಂಬರ್ 124379 ಅಂತ ಶುರುವಾಗಬೇಕು. 1 ಅಂದರೆ ಷೆವರ್ಲೆ, 24 ಅಂದರೆ ಎಂಟು ಸಿಲಿಂಡರಿನ ಕ್ಯಾಮರೊ, 37 ಅಂದರೆ ಮೇಲ್ಛಾವಣಿ ಇರುವ ಕೂಪೆ, 9 ಅಂದರೆ 1969. 24ರ ಜಾಗದಲ್ಲಿ 23 ಇದ್ದರೆ ಅದು ಆರು ಸಿಲಿಂಡರಿನ ಕಾರು. 37ರ ಜಾಗದಲ್ಲಿ 67 ಇದ್ದರೆ ಟಾಪ್ ಬಿಚ್ಚುವ ಕಾರು. ಎರಡರಲ್ಲಿ ಯಾವುದಿದ್ದರೂ ಥ್ಯಾಂಕ್ಸ್ ಹೇಳಿ ಮನೆಗೆ ಬನ್ನಿ. 1968ರಲ್ಲಿ ಷೆವರ್ಲೆ ಮುಖ್ಯಸ್ಥ ಪೀಟ್ ಎಸ್ಟಿಸ್‌ಗೋಸ್ಕರ ಟಾಪ್ ಬಿಚ್ಚುವ ಒಂದೇ ಒಂದು ಝಡ್/28 ಮಾಡಿಕೊಟ್ಟಿದ್ದರು. ಆ ಕಥೆಯನ್ನೇ ಹೇಳಿ 1969ರ ಕಾರು ಮಾರೋಕೆ ನೋಡುವವರೂ ಇದ್ದಾರೆ.

ಆಮೇಲೆ ಒಂದು ಅಕ್ಷರ ಬರುತ್ತೆ. ಎನ್ ಅಂದರೆ ನಾರ್ವುಡ್, ಎಲ್ ಅಂದರೆ ಲಾಸ್ ಏಂಜಲಿಸ್. ನಾರ್ವುಡ್ ನಮ್ಮ ಸಿನ್ಸಿನಾಟಿ ಪಕ್ಕದಲ್ಲೇ. ಕಾರ್ಖಾನೆ 1987ರಲ್ಲಿ ಮುಚ್ಚಿತು. ಕೊನೆಯ ಆರು ಅಂಕಿ ಕಾರಿನ ಸರದಿ ನಂಬರ್.

ಇಷ್ಟರಲ್ಲಿ ಝಡ್/28 ಅಂತ ಎಲ್ಲಾದರೂ ಬಂತಾ? ಇಲ್ಲ. ಇದೇ ಎಡವಟ್ಟು. ಚಾಸಿ ನಂಬರ್ ನೋಡಿ ಕಾರು ಝಡ್/28 ಅಲ್ಲ ಅಂತ ಹೇಳಬಹುದು, ಹೌದು ಅಂತ ಹೇಳೋಕೆ ಆಗಲ್ಲ. ಕಂಪನಿಗೇ ಬರೆದು ಕೇಳೋಣ ಅಂದರೆ ಅಮೆರಿಕದಲ್ಲಿ ಮಾರಿದ ಕಾರುಗಳಿಗೆ ಯಾವುದಕ್ಕೆ ಯಾವ ಪ್ಯಾಕೇಜ್ ಹೋಯಿತು ಅನ್ನೋ ದಾಖಲೆ ಉಳಿದಿಲ್ಲ. ಆಗ ಕೆನಡಾಕ್ಕೆ ಹೋಗಿದ್ದ ಕಾರಾಗಿದ್ದರೆ ಅದೃಷ್ಟ, ಷೆವರ್ಲೆಯ ಮಾತೃಸಂಸ್ಥೆ ಜಿಎಂನ ಕೆನಡಾ ಶಾಖೆ ದಾಖಲೆ ಕೊಡುತ್ತೆ. ಉಳಿದವರು ಕಾರಿನ ಬಾಯಿಯನ್ನೇ ಬಿಡಿಸಿ ನೋಡಬೇಕು.

ತಗಡು ನೋಡುವಾಗ ಅದನ್ನು ಹಿಡಿದಿರುವ ರಿವೆಟ್ ಕೂಡ ನೋಡಿ. ಕಾರ್ಖಾನೆಯ ರಿವೆಟ್ ತಲೆ ಚಿಕ್ಕ ಹೂವಿನ ಹಾಗೆ ದಳದಳವಾಗಿರುತ್ತೆ. ಗುಂಡು ತಲೆಯ ಸಾದಾ ರಿವೆಟ್ ಇದ್ದರೆ ಯಾರೋ ತಗಡು ಕಿತ್ತಿದ್ದಾರೆ ಅಂತ ಅರ್ಥ. ಸಂಶಯ ಬಂದರೆ ಇನ್ನೆರಡು ಕಡೆ ಗುಟ್ಟಾಗಿ ನಂಬರ್ ಹೊಡೆದಿರುತ್ತಾರೆ. ಒಂದು ಗಾಜಿನ ಮುಂದಿನ ಗಾಳಿ ಜಾಲರಿಯ ಕೆಳಗೆ, ಇನ್ನೊಂದು ಫೈರ್‌ವಾಲ್ (ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ತಗಡಿನ ಗೋಡೆ) ಮೇಲೆ ಹೀಟರ್ ಡಬ್ಬದ ಹಿಂದೆ. ಎರಡನೆಯದನ್ನು ನೋಡಬೇಕಾದರೆ ಡಬ್ಬ ಬಿಚ್ಚಬೇಕು, ಅದಕ್ಕೆ ಮಾಲೀಕ ಸುಲಭಕ್ಕೆ ಒಪ್ಪಲ್ಲ. ಮೊದಲನೆಯದಕ್ಕೆ ಜಾಲರಿ ಬಿಚ್ಚಿದರೆ ಸಾಕು, ಕೇಳಿ ನೋಡಿ.

ಫೈರ್‌ವಾಲ್ ಮೇಲಿನ ಎರಡನೇ ತಗಡು

ಬಾನೆಟ್ ಎತ್ತಿದರೆ ಫೈರ್‌ವಾಲ್ ಮೇಲ್ಭಾಗದಲ್ಲಿ, ಡ್ರೈವರ್ ಕಡೆ, ಬಾಡಿ ಕಟ್ಟಿದ ವಿಭಾಗ ಹಾಕಿದ ಇನ್ನೊಂದು ತಗಡು ಕಾಣುತ್ತೆ. ಅದರಲ್ಲಿ ಬಣ್ಣದ ಕೋಡ್ ಇರುತ್ತೆ. ಎಲ್ಲರೂ ಬಾಯಿ ಬಿಡುವ ಹಗ್ಗರ್ ಆರೆಂಜ್ ಬಣ್ಣಕ್ಕೆ 72. ಸೀಟಿನ ಕೋಡ್ ಇರುತ್ತೆ. 03ಸಿ ಥರದ ಒಂದು ದಿನಾಂಕವೂ ಇರುತ್ತೆ, ಅಂದರೆ ಮಾರ್ಚ್ ತಿಂಗಳ ಮೂರನೇ ವಾರ. ಈ ದಿನಾಂಕ ಬರೆದಿಟ್ಟುಕೊಳ್ಳಿ. ಮುಂದಿನ ಎಲ್ಲ ಲೆಕ್ಕ ಇದರ ಮೇಲೇ ನಿಲ್ಲುತ್ತೆ.

ನಾರ್ವುಡ್ ಕಾರಾಗಿದ್ದು, 1968ರ ಡಿಸೆಂಬರ್ ನಂತರ ತಯಾರಾಗಿದ್ದರೆ ಎಕ್ಸ್‌ನಿಂದ ಶುರುವಾಗುವ ಒಂದು ಕೋಡ್ ಸಿಗುತ್ತೆ. ಎಕ್ಸ್33 ಅಥವಾ ಎಕ್ಸ್77 ಇದ್ದರೆ ಹುಟ್ಟಿದ್ದೇ ಝಡ್/28 ಆಗಿ. ಮೊದಲನೆಯದು ಹೊರಗಡೆ ಅಲಂಕಾರದ ಪಟ್ಟಿಗಳಿರುವ ಕಾರು, ಎರಡನೆಯದು ಸಾದಾ. ಎಕ್ಸ್11 ಇದ್ದರೆ ಝಡ್/28 ಅಲ್ಲ. ಅದಕ್ಕೂ ಮೊದಲಿನ ನಾರ್ವುಡ್ ಕಾರಿಗೆ, ಲಾಸ್ ಏಂಜಲಿಸ್‌ನ ಯಾವ ಕಾರಿಗೂ ಈ ಕೋಡ್ ಇರಲ್ಲ. ಅವುಗಳಲ್ಲಿ ಎಂಜಿನ್ ಮತ್ತು ಕಾಗದ ಪತ್ರವೇ ಗತಿ. ನಕಲಿ ತಗಡುಗಳು ದುಡ್ಡು ಕೊಟ್ಟರೆ ಹೊಸದಾಗಿ ಸಿಗುತ್ತವೆ. ಐವತ್ತು ವರ್ಷ ದಾಟಿದ ಕಾರಿನಲ್ಲಿ ಫಳಫಳ ಹೊಳೆಯುವ ತಗಡು, ಚೂಪು ಅಂಚಿನ ಅಕ್ಷರ ಕಂಡರೆ ನನಗೆ ಮೊದಲು ಅನುಮಾನವೇ ಬರೋದು.

ಫೈರ್‌ವಾಲ್ ಹತ್ತಿರ ಇದ್ದಾಗಲೇ ಇನ್ನೊಂದು ನೋಡಿಬಿಡಿ. ಝಡ್/28ಗೆ ಎ.ಸಿ. ಕೊಡುತ್ತಿರಲಿಲ್ಲ, ಆಟೋಮ್ಯಾಟಿಕ್ ಗೇರ್ ಕೂಡ ಕೊಡುತ್ತಿರಲಿಲ್ಲ. ಎ.ಸಿ. ಕಾರಿನ ಫೈರ್‌ವಾಲ್‌ನಲ್ಲಿ ತೂತಿನ ಆಕಾರವೇ ಬೇರೆ. ಅಲ್ಲಿ ತೇಪೆ ಹಾಕಿ ಬಣ್ಣ ಬಳಿದಿದ್ದರೆ ಬೆರಳು ಆಡಿಸಿದಾಗ ಅಂಚು ಕೈಗೆ ಸಿಗುತ್ತೆ. ಹಾಗೇ ಕಾರ್ಪೆಟ್ ಎತ್ತಿ ಗೇರ್ ಲಿವರ್ ಬರುವ ಜಾಗ ನೋಡಿ. ಕಾರ್ಖಾನೆಯಲ್ಲೇ ನಾಲ್ಕು ಗೇರ್ ಹಾಕಿದ ಕಾರಿಗೆ ಅಲ್ಲಿ ಒಂದು ಉಬ್ಬು ತಗಡನ್ನು ಸ್ಪಾಟ್ ವೆಲ್ಡ್ ಮಾಡಿರುತ್ತಾರೆ, ಚುಕ್ಕೆ ಚುಕ್ಕೆಯಾಗಿ. ಸ್ಕ್ರೂ, ರಿವೆಟ್, ಉದ್ದಕ್ಕೆ ಎಳೆದ ವೆಲ್ಡಿಂಗ್ ಕಂಡರೆ ಆಮೇಲೆ ಯಾರೋ ಕೂರಿಸಿದ್ದು. ಇಂಥ ಜಾಗಗಳಿಗೆ ನಕಲಿ ಮಾಡುವವರು ಅಷ್ಟಾಗಿ ತಲೆ ಕೆಡಿಸಿಕೊಳ್ಳಲ್ಲ. ಅದಕ್ಕೇ ನನಗೆ ಬ್ಯಾಡ್ಜ್‌ಗಿಂತ ಇವುಗಳ ಮೇಲೆ ನಂಬಿಕೆ ಜಾಸ್ತಿ.

ಎಂಜಿನ್ ಎಂಬ ಹಲ್ಲು

ಎಂಜಿನ್ ಮುಂಭಾಗದಲ್ಲಿ, ಪ್ಯಾಸೆಂಜರ್ ಕಡೆ, ಸಿಲಿಂಡರ್ ಹೆಡ್ ಶುರುವಾಗುವ ಮುಂಚೆ ಬ್ಲಾಕ್ ಮೇಲೆ ಎರಡು ಬೆರಳಗಲದ ಚಪ್ಪಟೆ ಜಾಗ ಇದೆ, ಪ್ಯಾಡ್ ಅಂತಾರೆ. ಆಲ್ಟರ್ನೇಟರ್ ಅಡ್ಡ ಇರುತ್ತೆ, ತಲೆ ಒಳಗೆ ಹಾಕಬೇಕು. ಎಣ್ಣೆ ಜಿಡ್ಡು ಒರೆಸಿ ಟಾರ್ಚ್ ಅನ್ನು ಓರೆಯಾಗಿ ಹಿಡಿಯಿರಿ. ವಿ0312ಡಿಝಡ್ ಅನ್ನೋ ರೀತಿ ಬರಹ ಕಾಣಬೇಕು. ವಿ ಅಂದರೆ ಫ್ಲಿಂಟ್ ಎಂಜಿನ್ ಕಾರ್ಖಾನೆ, 03 ತಿಂಗಳು, 12 ತಾರೀಖು. ಕೊನೆಯ ಡಿಝಡ್ 1969ರ 302 ಎಂಜಿನ್‌ಗೆ ಮಾತ್ರ. ಪಕ್ಕದಲ್ಲೋ ಅಥವಾ ಕೆಳಗೆ ಆಯಿಲ್ ಫಿಲ್ಟರ್ ಹತ್ತಿರವೋ 19ಎನ್ (ಲಾಸ್ ಏಂಜಲಿಸ್ ಕಾರಾದರೆ 19ಎಲ್) ಅಂತ ಶುರುವಾಗಿ ಆರು ಅಂಕಿ ಇರುತ್ತೆ. ಆ ಆರು ಅಂಕಿ ಡ್ಯಾಶ್ ಮೇಲಿನ ಕೊನೆಯ ಆರು ಅಂಕಿಗೆ ಸರಿಹೊಂದಿದರೆ ಈ ಎಂಜಿನ್ ಈ ಕಾರಿನದೇ.

ಇಷ್ಟು ನೋಡಿ ಚೆಕ್ ಬರೆದುಬಿಡಬೇಡಿ. ನಮ್ಮ ತಾತನಿಗೆ ಇಲ್ಲದ ಒಂದು ಕಷ್ಟ ಇಲ್ಲಿದೆ, ಇಲ್ಲಿ ಹಲ್ಲನ್ನೇ ಉಜ್ಜಿ ಹೊಸದಾಗಿ ಕೆತ್ತುವವರಿದ್ದಾರೆ. ಸಾಮಾನ್ಯ ಷೆವರ್ಲೆಯ ಯಾವುದೋ 350 ಎಂಜಿನ್ ತಂದು, ಆ ಚಪ್ಪಟೆ ಜಾಗ ಸವೆಸಿ, ಬೇಕಾದ ಅಕ್ಷರ ಹೊಡೆದರೆ ಆಯಿತು. ಕಾರ್ಖಾನೆಯಲ್ಲಿ ಬ್ಲಾಕ್ ಮೇಲ್ಮೈಯನ್ನು ಕತ್ತರಿಸಿ ಸಪಾಟು ಮಾಡುವಾಗ ಮುಂದಿನಿಂದ ಹಿಂದಕ್ಕೆ ಕೂದಲೆಳೆಯಂಥ ನೇರ ಗೆರೆಗಳು ಬೀಳುತ್ತವೆ. ಅಸಲಿ ಪ್ಯಾಡ್ ಮೇಲೆ ಅಕ್ಷರದ ಕೆಳಗೆ ಆ ಗೆರೆಗಳು ಇರಬೇಕು. ಮರಳು ಕಾಗದ, ತಂತಿ ಬ್ರಷ್ ಬೇಡ ಅಂದಿದ್ದು ಇದಕ್ಕೇ, ನೀವು ಒಂದು ಸಲ ಗಸಗಸ ಉಜ್ಜಿದರೆ ಸಾಕ್ಷಿಯೇ ಹೋಯಿತು. ಗೆರೆ ಕಾಣದಿದ್ದರೆ ಸೀಮೆಸುಣ್ಣ ಮೆತ್ತಗೆ ಸವರಿ, ಮೇಲಿನದನ್ನು ಒರೆಸಿ, ತಗ್ಗಿನಲ್ಲಿ ಬಿಳಿ ನಿಲ್ಲುತ್ತೆ. ಹಿಂದೆ ಎಂಜಿನ್ ರಿಪೇರಿಗೆ ಬಂದಾಗ ಯಾವ ದುರುದ್ದೇಶವೂ ಇಲ್ಲದೆ ಬ್ಲಾಕ್ ಸಪಾಟು ಮಾಡಿಸಿ ನಂಬರ್ ಅಳಿಸಿಹೋದ ಕಾರುಗಳೂ ಇವೆ, ಹಾಗಾಗಿ ಖಾಲಿ ಪ್ಯಾಡ್ ಅಂದರೆ ಕಳ್ಳತನ ಅಂತ ಕೂಗಾಡಬೇಡಿ. ಖಾಲಿ ಪ್ಯಾಡ್ ವಾಸಿ. ಸವೆಸಿದ ಪ್ಯಾಡ್ ಮೇಲೆ ಹೊಸ ಅಕ್ಷರ ಇದ್ದರೇ ತೊಂದರೆ.

ಇನ್ನು ಎರಕದ ನಂಬರ್. ಬ್ಲಾಕ್ ಹಿಂದುಗಡೆ, ಗೇರ್‌ಬಾಕ್ಸ್ ಸೇರುವ ಅಂಚಿನಲ್ಲಿ 3970010 ಅಂತ ಇದೆ ನೋಡಿ ಅಂತ ಮಾರುವವರು ಬಹಳ ಹೆಮ್ಮೆಯಿಂದ ತೋರಿಸುತ್ತಾರೆ. ಹೌದು, 1969ರ 302ಗೆ ಆ ಬ್ಲಾಕ್ ಬಳಸಿದ್ದಾರೆ. ಅದೇ ಬ್ಲಾಕನ್ನು ಮುಂದೆ ಎಷ್ಟೋ ವರ್ಷ 350 ಎಂಜಿನ್‌ಗಳಿಗೂ ಬಳಸಿದ್ದಾರೆ, ಗುಜರಿಯಲ್ಲಿ ರಾಶಿ ಬಿದ್ದಿವೆ. ನಮಗೆ ಬೇಕಾಗಿರೋದು ಆ ನಂಬರ್ ಅಲ್ಲ, ಅದೇ ಹಿಂದಿನ ಅಂಚಿನಲ್ಲಿ ಎರಕದಲ್ಲೇ ಮೂಡಿರುವ ದಿನಾಂಕ. ಕನ್ನಡಿ ಹಿಡಿದು ಓದಿ. ಬಿ 24 9 ಅಂದರೆ 1969ರ ಫೆಬ್ರವರಿ 24, ಎ ಜನವರಿ, ಬಿ ಫೆಬ್ರವರಿ, ಹೀಗೆ. ಹೆಡ್ ಮೇಲೆ 3927186, ಅಲ್ಯೂಮಿನಿಯಂ ಇನ್‌ಟೇಕ್ ಮೇಲೆ 3932472, ಹೋಲಿ ಕಾರ್ಬ್ಯುರೇಟರ್ ಮೇಲೆ 4053 ಅಂತ ಇದ್ದರೆ ಒಳ್ಳೆಯದು. ಇವೆಲ್ಲ ಬಿಚ್ಚಿ ಹಾಕುವ ಸಾಮಾನು, ಸಂತೆಯಲ್ಲಿ ಸಿಗುತ್ತವೆ, ಇವನ್ನೇ ನೆಚ್ಚಿಕೊಳ್ಳಬೇಡಿ.

ಗೇರ್‌ಬಾಕ್ಸ್ ಮೇಲೂ ಹೀಗೇ ಬರಹ ಇರುತ್ತೆ. ಪಿ9ಸಿ10ಬಿ ಅಂದರೆ ಮನ್ಸಿ ಕಾರ್ಖಾನೆ, 1969, ಮಾರ್ಚ್ 10, ಕೊನೆಯ ಬಿ ಅಂದರೆ ಎಂ21 ಅನ್ನೋ ಮಾದರಿಯ ಗೇರ್‌ಬಾಕ್ಸ್. ಅಲ್ಲೂ ಕಾರಿನ ನಂಬರ್ ಹೊಡೆದಿರುತ್ತಾರೆ. ಹಿಂದಿನ ಆ್ಯಕ್ಸೆಲ್ ಡಬ್ಬದ ಮುಚ್ಚಳಕ್ಕೆ 12 ಬೋಲ್ಟ್ ಇರಬೇಕು, 10 ಇದ್ದರೆ ಬೇರೆ ಕಾರಿನದು. ಹಿಂದಿನ ಸ್ಪ್ರಿಂಗ್ ಒಂದೇ ಪಟ್ಟಿಯದಲ್ಲ, ಹಲವು ಪಟ್ಟಿ ಸೇರಿಸಿದ್ದು. ಮುಂದೆ ಡಿಸ್ಕ್ ಬ್ರೇಕ್.

ಮಾರ್ಚ್ ಕಾರಿಗೆ ಏಪ್ರಿಲ್ ಎಂಜಿನ್

ಎಲ್ಲ ದಿನಾಂಕಗಳನ್ನೂ ಒಂದು ಹಾಳೆಯಲ್ಲಿ ಸಾಲಾಗಿ ಬರೆಯಿರಿ. ಮೊದಲು ಬ್ಲಾಕ್ ಎರಕ, ಆಮೇಲೆ ಎಂಜಿನ್ ಜೋಡಣೆ, ಆಮೇಲೆ ಕಾರು. ಈ ಸರದಿ ತಪ್ಪುವ ಹಾಗಿಲ್ಲ. ಒಂದಕ್ಕೂ ಇನ್ನೊಂದಕ್ಕೂ ಕೆಲವು ದಿನ, ಕೆಲವು ವಾರ ಅಂತರ ಸಹಜ. ತಗಡಿನ ಮೇಲಿನ ವಾರಕ್ಕಿಂತ ಕಾರು ಮುಗಿದಿದ್ದು ಸ್ವಲ್ಪ ತಡ ಆಗಿರಬಹುದು, ಆದ್ದರಿಂದ ಎಂಜಿನ್ ಒಂದೆರಡು ದಿನ ಹಿಂದೆ ಮುಂದೆ ಆದರೆ ಗಾಬರಿ ಬೇಡ.

ಹಾಸನದ ಕಡೆಯ ನನ್ನ ಗೆಳೆಯ ಒಬ್ಬ ಇಲ್ಲೇ ಇದ್ದಾನೆ. ಎರಡು ವರ್ಷದ ಹಿಂದೆ ಒಂದು ಭಾನುವಾರ ಫೋನ್ ಮಾಡಿ, "ಗುರು, ಕಿತ್ತಳೆ ಬಣ್ಣ, ಬಿಳಿ ಪಟ್ಟೆ, ನಂಬರ್ ಎಲ್ಲ ಮ್ಯಾಚ್ ಆಗುತ್ತಂತೆ, ಬಾರೋ ಬೇಗ" ಅಂದ. ಹೋದೆವು. ಕಾರು ನಿಜಕ್ಕೂ ಸಕತ್ತಾಗಿತ್ತು. ಇವನಂತೂ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಹೆಂಡತಿಗೆ ಕಳಿಸಿಯೂ ಬಿಟ್ಟಿದ್ದ. ಫೈರ್‌ವಾಲ್ ತಗಡಿನ ಮೇಲೆ 03ಸಿ. ಪ್ಯಾಡ್ ಮೇಲೆ ಡಿಝಡ್ ಇತ್ತು, ಕಾರಿನ ನಂಬರೂ ಸರಿಯಾಗಿತ್ತು, ಗೆಳೆಯ ಆಗಲೇ ಮಾಲೀಕನ ಕೈ ಕುಲುಕೋಕೆ ಹೊರಟಿದ್ದ. ನಾನು ಬಟ್ಟೆಯಿಂದ ಇನ್ನೊಂದು ಸಲ ಒರೆಸಿ ಟಾರ್ಚ್ ಓರೆ ಹಿಡಿದೆ. ವಿ0422ಡಿಝಡ್. ಏಪ್ರಿಲ್ 22. ಮಾರ್ಚ್ ಮೂರನೇ ವಾರದ ಕಾರಿಗೆ ಏಪ್ರಿಲ್ ಕೊನೆಯ ಎಂಜಿನ್, ಮದುವೆ ಮುಗಿದ ಮೇಲೆ ಮದುಮಗ ಹುಟ್ಟಿದ ಹಾಗೆ. ಮತ್ತೆ ನೋಡಿದರೆ ಅಕ್ಷರದ ಕೆಳಗೆ ನೇರ ಗೆರೆ ಇರಲಿಲ್ಲ, ಬಳೆ ಬಳೆಯಾಗಿ ಸುತ್ತಿದ ಗೀರುಗಳಿದ್ದವು, ಕೈಯಲ್ಲಿ ಹಿಡಿಯುವ ಗ್ರೈಂಡರ್ ಬಿಡುವ ಗೀರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಹಾಗಿತ್ತು ನಮ್ಮವನ ಪರಿಸ್ಥಿತಿ. ಮಾಲೀಕನಿಗೆ ತೋರಿಸಿದಾಗ ಆತ ತನಗೂ ಹೀಗೇ ಮಾರಿದ್ದರು ಅಂದ. ಇರಬಹುದು, ನಾವು ಜಗಳ ಮಾಡಲಿಲ್ಲ.

ಓಡಿಸಿ ನೋಡುವಾಗ

ಎಂಜಿನ್ ಚಾಲೂ ಮಾಡಿದ ಕೂಡಲೇ ಕಿವಿ ಕೊಡಿ. 302ರ ಟಪೆಟ್‌ಗಳು (ವಾಲ್ವ್ ಎತ್ತುವ ಬಿಡಿಭಾಗ) ಗಟ್ಟಿ ಟಪೆಟ್, ಗ್ಯಾಪ್ 0.030 ಇಂಚು, ಮುಕ್ಕಾಲು ಮಿಲಿಮೀಟರ್ ಆಯಿತು. ಹೊಲಿಗೆ ಮಿಷನ್ ಹಾಗೆ ಟಿಕಟಿಕ ಅನ್ನಬೇಕು. ನುಣ್ಣಗೆ ಓಡಿದರೆ ಒಳಗೆ ವಾಲ್ವ್ ಆಡಿಸುವ ಕ್ಯಾಮ್ ಬದಲಾಗಿದೆ, ಅಥವಾ ಎಂಜಿನ್ನೇ ಬೇರೆ. ರಸ್ತೆಗೆ ಇಳಿದರೆ ಮೊದಲು ನಿರಾಸೆ ಆಗುತ್ತೆ. 3000 ಆರ್‌ಪಿಎಂ ತನಕ ಇದೇನಪ್ಪಾ ಇಷ್ಟು ಮಂಕು ಅನ್ನಿಸುತ್ತೆ, ಕ್ಲಚ್ ಭಾರ, ಸಿಗ್ನಲ್‌ನಲ್ಲಿ ನಿಂತರೆ ಕಾರು ನಡುಗುತ್ತೆ. 4000 ದಾಟಲಿ, ಆಗ ಬೇರೆ ಪ್ರಾಣಿ. ರೇಸಿಗೆ ಕಟ್ಟಿದ ಎಂಜಿನ್ ಅಂದರೆ ಹೀಗೇ. ಬದಲಿಗೆ ಸಿಗ್ನಲ್‌ನಿಂದ ಹೊರಡುವಾಗಲೇ ಬೆನ್ನು ಸೀಟಿಗೆ ಒತ್ತುವಷ್ಟು ಜೋರು ಇದ್ದರೆ ಒಳಗಿರೋದು 350 ಇರಬಹುದು. ಪೆಟ್ರೋಲ್ ಪಂಪ್‌ನಲ್ಲಿ ಇರೋದರಲ್ಲೇ ಒಳ್ಳೇ ಆಕ್ಟೇನ್ ಹಾಕಿಸಬೇಕು, ಕಂಪ್ರೆಷನ್ 11ಕ್ಕೆ 1 ಇದೆ. ಸುಮ್ನೆ ಅಗ್ಗದ್ದು ಹಾಕಿದರೆ ಏರಿನಲ್ಲಿ ಎಂಜಿನ್ ಕಟಕಟ ಅಂತ ಬಡಿದುಕೊಳ್ಳುತ್ತೆ.

ತುಕ್ಕಿನ ವಿಷಯ ಎಲ್ಲ ಹಳೇ ಕಾರಿಗೂ ಒಂದೇ, ಬೇಗ ಹೇಳಿಬಿಡುತ್ತೇನೆ. ಹಿಂದಿನ ಚಕ್ರದ ಮೇಲಿನ ಭಾಗ, ಡಿಕ್ಕಿಯ ತಳ, ಮುಂದಿನ ಗಾಜಿನ ಕೆಳಗೆ ನೀರು ನಿಲ್ಲುವ ಜಾಗ, ಇಲ್ಲೆಲ್ಲ ಅಯಸ್ಕಾಂತ ಇಟ್ಟು ನೋಡಿ. ಅಂಟದಿದ್ದರೆ ಒಳಗೆ ಟಿಂಕರಿಂಗ್ ಮಾಡಿ ಪುಟ್ಟಿ ಮೆತ್ತಿದ್ದಾರೆ. ಒಹಾಯೋದಲ್ಲಿ ಚಳಿಗಾಲಕ್ಕೆ ರಸ್ತೆಗೆ ಉಪ್ಪು ಸುರಿಯುತ್ತಾರೆ, ಇಲ್ಲೇ ಬಾಳಿದ ಕಾರಾದರೆ ಇನ್ನೂ ಹುಷಾರು.

ಕಾಗದ ಪತ್ರದಲ್ಲಿ ಮುಖ್ಯವಾದದ್ದು ವಾರಂಟಿ ಪುಸ್ತಕಕ್ಕೆ ಅಂಟಿಸಿದ ಪುಟ್ಟ ಲೋಹದ ಹಲಗೆ, ಪ್ರೊಟೆಕ್ಟ್-ಒ-ಪ್ಲೇಟ್ ಅಂತಾರೆ. ಅದರ ಮೇಲೆ ಎಂಜಿನ್, ಗೇರ್‌ಬಾಕ್ಸ್, ಆ್ಯಕ್ಸೆಲ್ ಕೋಡ್‌ಗಳೆಲ್ಲ ಉಬ್ಬು ಅಕ್ಷರದಲ್ಲಿರುತ್ತವೆ. ಇದನ್ನೂ ಹೊಸದಾಗಿ ಮಾಡಿಕೊಡುವವರಿದ್ದಾರೆ, ಹಾಗಾಗಿ ಅದರ ಜೊತೆ ಹಳೇ ಸರ್ವಿಸ್ ಬಿಲ್, ಮೊದಲ ಮಾಲೀಕನ ಹೆಸರಿನ ಕಾಗದ ಇದೆಯಾ ಕೇಳಿ.

ಮೂಲ ಎಂಜಿನ್ ಇಲ್ಲ ಅನ್ನೋ ಕಾರಣಕ್ಕೇ ಕಾರು ಬಿಟ್ಟು ಬರಬೇಡಿ. ಈ ಎಂಜಿನ್‌ಗಳನ್ನು ಜನ ರೇಸಿನಲ್ಲಿ ಹಿಂಡಿ ಹಿಪ್ಪೆ ಮಾಡಿದ್ದಾರೆ, ವಾರಂಟಿಯಲ್ಲೇ ಬದಲಾದವೂ ಇವೆ. ಕಂಪನಿ ಕೊಟ್ಟ ಬದಲಿ ಬ್ಲಾಕ್ ಮೇಲೆ ಸಿಇ ಅಂತ ಶುರುವಾಗುವ ನಂಬರ್ ಇರುತ್ತೆ. ಎಕ್ಸ್77 ತಗಡಿರುವ, ಸಿಇ ಬ್ಲಾಕಿನ, ಬಣ್ಣ ಮಾಸಿದ ಕಾರು ಮತ್ತು ಕನ್ನಡಿಯಂತೆ ಹೊಳೆಯುವ, ಪ್ಯಾಡ್ ಸವೆಸಿದ ಕಾರು ಎರಡೂ ಎದುರಿಗಿದ್ದರೆ ನಾನು ಕಣ್ಣು ಮುಚ್ಚಿ ಮೊದಲನೆಯದನ್ನು ತಗೊಳ್ಳುತ್ತೇನೆ.

ನನ್ನ ಗೆಳೆಯ ಆ ಕಿತ್ತಳೆ ಕಾರನ್ನು ಕೊನೆಗೂ ಕೊಂಡ. ಝಡ್/28 ಬೆಲೆಗಲ್ಲ, ಸಾದಾ ಕ್ಯಾಮರೊ ಬೆಲೆಗೆ, ಮೂರು ವಾರ ಚೌಕಾಸಿ ಮಾಡಿ. ಬ್ಯಾಡ್ಜ್ ಕಿತ್ತು ಡಬ್ಬದಲ್ಲಿ ಇಟ್ಟಿದ್ದಾನೆ. ಪೆಟ್ರೋಲ್ ಹಾಕಿಸುವಾಗ ಯಾರಾದರೂ ಬಂದು "ಝಡ್/28 ಅಲ್ವಾ ಇದು?" ಅಂತ ಕೇಳಿದರೆ ಬಾನೆಟ್ ಎತ್ತಿ ಪ್ಯಾಡ್ ತೋರಿಸಿ, ಏಪ್ರಿಲ್ 22ರ ಕಥೆ ಶುರು ಮಾಡುತ್ತಾನೆ.